ಐದನೆಯವನ ಲೆಕ್ಕ, ಮೊದಲನೆಯವನ ಕಾಲು

ಅಮೆರಿಕದ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ ತಂಡದ ಹಣೆಬರಹ ಬಹುಮಟ್ಟಿಗೆ ಅದರ ಐದನೆಯ ಓಟಗಾರನ ಕಾಲಿನಲ್ಲಿರುತ್ತದೆ. ಹುಲ್ಲು, ದಿಣ್ಣೆ, ಕಾಡುದಾರಿಯ ಮೇಲೆ ಐದು ಕಿಲೋಮೀಟರ್ ಓಟ. ಒಂದು ಶಾಲೆಯಿಂದ ಏಳು ಮಂದಿ. ಅವರಲ್ಲಿ ಮೊದಲು ಬಂದ ಐವರ ಸ್ಥಾನಗಳನ್ನು ಕೂಡುತ್ತಾರೆ, ಮೊತ್ತ ಯಾರದು ಕಡಿಮೆಯೋ ಆ ಶಾಲೆ ಗೆದ್ದಂತೆ. ಒಂದರಿಂದ ಐದರವರೆಗೆ ಒಂದೇ ಶಾಲೆಯವರು ಬಂದರೆ 15. ಅದನ್ನು ಮೀರಿಸುವ ಅಂಕವಿಲ್ಲ. ಆರನೆಯವನೂ ಏಳನೆಯವನೂ ಕೂಡಿಕೆಗೆ ಬರುವುದಿಲ್ಲ, ಆದರೆ ಎದುರಾಳಿ ಶಾಲೆಯ ಐದನೆಯವನನ್ನು ಅವರು ಹಿಂದೆ ಹಾಕಿದರೆ ಆ ಶಾಲೆಯ ಮೊತ್ತ ಏರುತ್ತದೆ.

ಈ ಲೆಕ್ಕದೊಳಗೆ ಒಂದು ಸೂಕ್ಷ್ಮ ಅಡಗಿದೆ. ತಂಡದ ಅತ್ಯುತ್ತಮ ಓಟಗಾರ ಒಂದು ಸೆಕೆಂಡಿನಿಂದ ಗೆದ್ದರೂ ಒಂದೇ ಅಂಕ, ಅರ್ಧ ನಿಮಿಷದಿಂದ ಗೆದ್ದರೂ ಒಂದೇ ಅಂಕ. ಅವನು ಜೀವ ಬಿಟ್ಟು ಓಡಿದ್ದರಿಂದ ಶಾಲೆಗೆ ಹೆಚ್ಚೇನೂ ದಕ್ಕದು. ಐದನೆಯವನ ಕಥೆ ಬೇರೆ. ಅವನು ಓಡುವುದು ದಟ್ಟ ಗುಂಪಿನ ನಡುವೆ. ಹತ್ತು ಸೆಕೆಂಡು ಬೇಗ ಬಂದರೆ ಹತ್ತಾರು ಜನರನ್ನು ದಾಟಿರುತ್ತಾನೆ. ಅಂದರೆ ಶಾಲೆಯ ಗೆಲುವಿಗೆ ಬೇಕಾದದ್ದು ಐದನೆಯವನ ಸುಧಾರಣೆ, ಮೊದಲನೆಯವನ ಮುಂದಿನ ಹತ್ತು ವರ್ಷಕ್ಕೆ ಬೇಕಾದದ್ದು ಸಂಯಮ. ಎರಡಕ್ಕೂ ಜಗಳವಿಲ್ಲ. ಇಷ್ಟನ್ನು ಕಂಡುಕೊಂಡು ನಾಲ್ಕು ವರ್ಷ ಅದರಂತೆ ನಡೆದುಕೊಳ್ಳುವ ಶಾಲಾ ಕೋಚ್‌ಗಳ ಬಗ್ಗೆ ನನಗೆ ವಿಶೇಷ ಗೌರವ.

ಅವರ ಕೈಚಳಕ ಕಾಣುವುದು ವಾರದ ನಡುವೆ ಎರಡು ಮೂರು ಶಾಲೆಗಳಷ್ಟೇ ಸೇರುವ ಸಣ್ಣ ಕೂಟಗಳಲ್ಲಿ. ‘ಮೊದಲ ಮೂರು ಕಿಲೋಮೀಟರ್ ನಮ್ಮ ನಾಲ್ಕನೆಯವನ, ಐದನೆಯವನ ಜೊತೆಯಲ್ಲೇ ಓಡು, ಅವರನ್ನು ಎಳೆದುಕೊಂಡು ಬಾ, ಆಮೇಲೆ ನಿನ್ನ ಪಾಡಿಗೆ ಹೋಗು’ ಎಂದು ಕೋಚ್ ತಾರೆಗೆ ಹೇಳಿರುತ್ತಾರೆ. ಅವನಿಗೆ ಅದು ಉಸಿರು ಹತೋಟಿಯಲ್ಲಿರುವ ಒಂದು ಟೆಂಪೋ ಓಟ. ಪಕ್ಕದಲ್ಲಿ ಓಡಿದ ಐದನೆಯವನಿಗೆ ಬಹುಶಃ ಆ ವರ್ಷದ ಅತ್ಯುತ್ತಮ ಓಟ. ಫಲಿತಾಂಶದ ಹಾಳೆಯಲ್ಲಿ ಮಾತ್ರ ತಾರೆಯ ಸಮಯ ಸಪ್ಪೆಯಾಗಿ ಕಾಣುತ್ತದೆ; ಹಗ್ಗದಾಚೆ ನಿಂತ ಅಪ್ಪ ಅಮ್ಮಂದಿರು ಗೊಣಗುತ್ತಾರೆ. ಆ ಗೊಣಗಾಟಕ್ಕೆ ಕಿವಿಗೊಡದಿರುವುದೇ ಈ ಕಸುಬಿನ ಅರ್ಧ ಪಾಲು ಇರಬೇಕು.

ಸದಾ ತಡೆದು ನಿಲ್ಲಿಸಿದರೂ ಕೆಡುಕೇ. ಪೈಪೋಟಿ ಕಲಿಯುವುದು ಪೈಪೋಟಿಯಲ್ಲೇ. ಹಾಗಾಗಿ ಸೀಸನ್ನಿನಲ್ಲಿ ಎರಡೋ ಮೂರೋ ದೊಡ್ಡ ಕೂಟಗಳನ್ನು ಮೊದಲೇ ಗುರುತು ಹಾಕಿ, ಅಲ್ಲಿ ಲಗಾಮು ಪೂರ್ತಿ ಬಿಡುತ್ತಾರೆ.

ವಸಂತದಲ್ಲಿ ಟ್ರ್ಯಾಕ್ ಸೀಸನ್ ಬಂತೆಂದರೆ ಲೆಕ್ಕ ತಿರುವುಮುರುವು. ಎಂಟು ಜನರಿಗೆ ಅಂಕ ಕೊಡುವ ಕೂಟಗಳಲ್ಲಿ ಪ್ರತಿ ಸ್ಪರ್ಧೆಗೂ 10, 8, 6, 5, 4, 3, 2, 1 ಎಂದು ಹಂಚಿಕೆ. ಒಬ್ಬನಿಗೆ ನಾಲ್ಕು ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಅವಕಾಶವಿರುತ್ತದೆ. ಒಳ್ಳೆಯ ದೂರದ ಓಟಗಾರನೊಬ್ಬ ಸಿಕ್ಕಿದರೆ 4x800 ರಿಲೇ, 1600, 800, 3200 ಎಲ್ಲಕ್ಕೂ ಅವನೇ. ಒಂದು ಮಧ್ಯಾಹ್ನದಲ್ಲಿ 6400 ಮೀಟರ್, ಅದೂ ಸ್ಪರ್ಧೆಯ ವೇಗದಲ್ಲಿ! ಸಮಗ್ರ ಪ್ರಶಸ್ತಿಗಾಗಿ ಒಬ್ಬನನ್ನೇ ಎಲ್ಲ ಓಟಕ್ಕೂ ಇಳಿಸುವುದನ್ನು ನಮ್ಮ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಣ ಕೋಚ್ ಅವನ ಸ್ವಂತದ್ದೊಂದು ಓಟ ಉಳಿಸಿ, ಜೊತೆಗೆ ರಿಲೇ ಇಟ್ಟು, ಮಿಕ್ಕದ್ದು ಬಿಡಿಸುತ್ತಾರೆ. ರಿಲೇ ಯಾಕೆಂದರೆ, ತಂಡದವರ ಕೈಯಿಂದ ಬ್ಯಾಟನ್ ಇಸಿದುಕೊಳ್ಳದೆ ಬೆಳೆದ ಹುಡುಗನಿಗೆ ಓಟ ಬೇಗ ಬೇಸರವಾಗುತ್ತದೆ. ಇದು ನನ್ನ ನಂಬಿಕೆ.

ಇಷ್ಟೆಲ್ಲ ಜಾಗ್ರತೆ ಯಾಕೆ? ಹದಿಹರೆಯದಲ್ಲಿ ಎಲುಬು ಮೊದಲು ಉದ್ದವಾಗುತ್ತದೆ, ಗಟ್ಟಿಯಾಗುವುದು ಆಮೇಲೆ. ಆ ನಡುವಿನ ತಿಂಗಳುಗಳಲ್ಲಿ ಹೆಚ್ಚಿದ ಓಟವೆಲ್ಲ ಮೊಣಕಾಲಿನ ಕೆಳಗಿನ ನೋವಾಗಿ, ಮುಂಗಾಲಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿ ಹೊರಬರಬಹುದು. ಹುಡುಗಿಯರ ವಿಷಯದಲ್ಲಿ ಇನ್ನೂ ನಾಜೂಕು. ಮೈ ತುಂಬಿಕೊಳ್ಳುವ ವಯಸ್ಸಿನಲ್ಲಿ ಒಂದೆರಡು ವರ್ಷ ಸಮಯ ಸುಧಾರಿಸದೆ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಆಗ ಊಟ ಕಡಿಮೆ ಮಾಡಿ ಓಟ ಹೆಚ್ಚಿಸಿದರೆ ಮುಟ್ಟು ನಿಲ್ಲುತ್ತದೆ, ಎಲುಬು ಸವೆಯುತ್ತದೆ. ದೇಹಕ್ಕೆ ಶಕ್ತಿ ಸಾಲದೆ ಬರುವ ಇಂಥ ತೊಂದರೆಗಳಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಎಂದು ಹೆಸರಿಟ್ಟಿತು.

ಶಾಲಾ ತಂಡ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ನ್ಯೂಯಾರ್ಕ್ ರಾಜ್ಯದ ಮೇರಿ ಕೇನ್ ಶಾಲಾ ತಂಡದಿಂದ ಹೊರಬಂದು ವೃತ್ತಿಪರ ಕೋಚ್ ಬಳಿ ಸೇರಿದವರು. 2013ರಲ್ಲಿ, 17ನೇ ವಯಸ್ಸಿಗೇ, ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದರು. ಆಮೇಲಿನ ವರ್ಷಗಳಲ್ಲಿ ಐದು ಎಲುಬು ಮುರಿದದ್ದನ್ನೂ, ಮೂರು ವರ್ಷ ಮುಟ್ಟು ನಿಂತದ್ದನ್ನೂ 2019ರಲ್ಲಿ ಅವರೇ ಹೇಳಿಕೊಂಡರು.

ಹಾಗಾದರೆ ಏನನ್ನು ಓಡಿಸುವುದು? ಮಾತಾಡುತ್ತಾ ಓಡಬಹುದಾದ ವೇಗದ ಉದ್ದ ಓಟ, ಅದರ ಕೊನೆಗೆ ಹಗುರ ಹೆಜ್ಜೆಯ ನೂರು ನೂರು ಮೀಟರ್, ವಾರಕ್ಕೊಮ್ಮೆ ಎಂಟು ಹತ್ತು ಸೆಕೆಂಡುಗಳ ಏರುಹಾದಿಯ ಓಟ. ವಾಂತಿ ಬರುವಷ್ಟು 400 ಮೀಟರುಗಳ ಪಾಳಿ ಬೇಗ ಫಲ ಕೊಡುತ್ತದೆ ನಿಜ, ಅದಕ್ಕೇ ಅದರ ಮೇಲೆ ಎಲ್ಲರ ಕಣ್ಣು. ಸೀಸನ್ ಮುಗಿದ ಮೇಲೆ ಎರಡು ವಾರ ಶೂ ಕಟ್ಟದಿರುವುದೂ ತರಬೇತಿಯೇ. ಶರತ್ಕಾಲದ ಕ್ರಾಸ್ ಕಂಟ್ರಿ, ಚಳಿಗಾಲದ ಒಳಾಂಗಣ, ವಸಂತದ ಟ್ರ್ಯಾಕ್ ಎಂದು ವರ್ಷಕ್ಕೆ ಮೂರು ಸೀಸನ್ ಇರುವಲ್ಲಿ ಒಂದನ್ನು ಹಗುರಾಗಿ ಕಳೆಯದೆ ವಿಧಿಯಿಲ್ಲ.

ಮಿಶಿಗನ್ ರಾಜ್ಯದ ಗ್ರ್ಯಾಂಡ್ ಬ್ಲಾಂಕ್ ಎಂಬ ಊರಿನಲ್ಲಿ ಮೈಕ್ ಸ್ಕ್ಯಾನೆಲ್ ಎಂಬ ಕೋಚ್, ಫುಟ್‌ಬಾಲಿನಿಂದ ಓಟಕ್ಕೆ ಬಂದ ಗ್ರಾಂಟ್ ಫಿಶರ್ ಎಂಬ ಹುಡುಗನನ್ನು ಹೀಗೆಯೇ ಬೆಳೆಸಿದರು. ವಾರದ ಮೈಲುಗಳನ್ನು ಮಿತದಲ್ಲೇ ಇಟ್ಟರು. ಹಾಗಂತ ಗೆಲುವು ಕಡಿಮೆಯಾಗಲಿಲ್ಲ: 2013 ಮತ್ತು 2014ರಲ್ಲಿ ಫುಟ್ ಲಾಕರ್ ರಾಷ್ಟ್ರೀಯ ಕ್ರಾಸ್ ಕಂಟ್ರಿ ಪ್ರಶಸ್ತಿ, 2015ರ ಜೂನಿನಲ್ಲಿ ಒಂದು ಮೈಲಿ 3 ನಿಮಿಷ 59.38 ಸೆಕೆಂಡಿಗೆ. ಫಿಶರ್ ಮುಂದೆ ಸ್ಟ್ಯಾನ್‌ಫರ್ಡ್ ಸೇರಿ 2017ರಲ್ಲಿ 5000 ಮೀಟರ್ ಕಾಲೇಜು ಚಾಂಪಿಯನ್ ಆದರು, ವೃತ್ತಿಪರ ತಂಡವೊಂದರಲ್ಲಿ ಕೆಲವು ವರ್ಷ ಓಡಿದರು. 2023ರಲ್ಲಿ ಆ ತಂಡ ಬಿಟ್ಟವರು ಹುಡುಕಿಕೊಂಡು ಹೋದದ್ದು ಮತ್ತೆ ಸ್ಕ್ಯಾನೆಲ್ ಅವರನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮತ್ತು 5000 ಮೀಟರ್ ಎರಡರಲ್ಲೂ ಕಂಚು. ಮರುವರ್ಷದ ಫೆಬ್ರವರಿಯಲ್ಲಿ, ಒಂದೇ ವಾರದೊಳಗೆ, 3000 ಮೀಟರಿಗೆ 7 ನಿಮಿಷ 22.91 ಸೆಕೆಂಡು, 5000 ಮೀಟರಿಗೆ 12 ನಿಮಿಷ 44.09 ಸೆಕೆಂಡು: ಎರಡೂ ಒಳಾಂಗಣ ವಿಶ್ವದಾಖಲೆ. ಆಗ ಫಿಶರ್‌ಗೆ 27 ವರ್ಷ.