ಗಂಡನ ಅರ್ಜಿ, ಹೆಂಡತಿಯ ಪಿಂಚಣಿ

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಇಪ್ಪತ್ತು ವರ್ಷಗಳ ಮೇಲಾಯಿತು. 1941ರಲ್ಲಿ ಶುರುವಾಗಿ ಊರೂರಿಗೆ ಲೇತ್ ಯಂತ್ರ ಕಳಿಸಿದ ಆ ಕಾರ್ಖಾನೆ ನಿಂತಾಗ, ನಲವತ್ತು ಐವತ್ತರ ವಯಸ್ಸಿನ ಕುಶಲ ಕಾರ್ಮಿಕರು ಕೆಲಸವಿಲ್ಲದೆ ಮನೆ ಸೇರಿದರು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗಲೂ ಹೀಗೇ ಆಯಿತು. ಬೇರೆಡೆ ಕೆಲಸ ಸಿಗದ ಆ ವಯಸ್ಸಿನಲ್ಲಿ ನೆಚ್ಚಿಕೊಳ್ಳಬಹುದಾದ ಹಣವೆಂದರೆ ಪಿ.ಎಫ್. ಪಿಂಚಣಿ. ಕೆಲಸ ಬಿಟ್ಟವರು 50 ತುಂಬಿದ ಮೇಲೆ ಅದನ್ನು ಕೇಳಬಹುದು. ಇವತ್ತು ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ, ಹರಿಹರ–ದಾವಣಗೆರೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಐವತ್ತರ ಆಸುಪಾಸಿನಲ್ಲಿರುವವರ ಮುಂದೆಯೂ ಅದೇ ದಾರಿ ತೆರೆದಿದೆ. ಆ ದಾರಿಯ ಕೊನೆಯಲ್ಲಿ ಕಷ್ಟಕ್ಕೆ ಸಿಗುವವಳು ಹೆಂಡತಿ, ಅದೂ ಗಂಡ ತೀರಿಕೊಂಡ ಮೇಲೆ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಹತ್ತು ವರ್ಷ ಸೇವೆ ಇದ್ದವರಿಗೆ 58ಕ್ಕೆ ಪೂರ್ತಿ ಪಿಂಚಣಿ. ಮೊದಲೇ ಬೇಕೆಂದರೆ, 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ತಲಾ ಶೇ 4ರಷ್ಟು ಕಡಿತ. 2008ರ ಸೆಪ್ಟೆಂಬರ್‌ವರೆಗೆ ಇದು ಶೇ 3 ಇತ್ತು. ಈ ಕಡಿತ 58 ತುಂಬಿದ ಮೇಲೂ ಹೋಗುವುದಿಲ್ಲ, ಜೀವ ಇರುವತನಕ ಇರುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು ಅದೇ ಯೋಜನೆಯ ಇನ್ನೊಂದು ನಿಯಮ: ಪಿಂಚಣಿ ಶುರುವಾದ ಮೇಲೆ ಸದಸ್ಯ ತೀರಿಕೊಂಡರೆ, ಸಾಯುವ ದಿನ ಅವನು ಪಡೆಯುತ್ತಿದ್ದ ಮೊತ್ತದ ಅರ್ಧ ಮಾತ್ರ ಹೆಂಡತಿಗೆ ಸಿಗುತ್ತದೆ. ಅಂದರೆ ಕಡಿತವಾಗಿ ಉಳಿದದ್ದರಲ್ಲಿ ಅರ್ಧ. ಹೆಂಡತಿ ಸದಸ್ಯೆಯಾಗಿದ್ದರೆ ಗಂಡನಿಗೂ ಇದೇ ಲೆಕ್ಕ.

ಒಬ್ಬ ಕಾರ್ಮಿಕನಿಗೆ 58ಕ್ಕೆ ತಿಂಗಳಿಗೆ 3,000 ರೂಪಾಯಿ ಬರಬೇಕಿತ್ತು ಎಂದುಕೊಳ್ಳೋಣ. 58ರವರೆಗೆ ಕಾದರೆ ಅವನ ನಂತರ ಹೆಂಡತಿಗೆ 1,500. 54ಕ್ಕೇ ತೆಗೆದುಕೊಂಡರೆ ಅವನಿಗೆ 2,500ರ ಆಸುಪಾಸು, ಅವಳಿಗೆ 1,250ರ ಆಸುಪಾಸು. 50ಕ್ಕೇ ತೆಗೆದುಕೊಂಡರೆ ಅವನ ಪಿಂಚಣಿಯ ಕಾಲುಭಾಗಕ್ಕಿಂತ ಹೆಚ್ಚು ಹೋಗಿ 2,200ಕ್ಕಿಂತ ಕೆಳಗಿಳಿಯುತ್ತದೆ. ಅವಳ ಪಾಲು 1,100ಕ್ಕೂ ಮುಟ್ಟುವುದಿಲ್ಲ. ಇನ್ನೊಂದು ತುದಿಯೂ ಇದೆ. 2016ರಿಂದ 58 ದಾಟಿದ ಮೇಲೆ ಗರಿಷ್ಠ 60ರವರೆಗೆ ಪಿಂಚಣಿ ಮುಂದೂಡಬಹುದು, ವರ್ಷಕ್ಕೆ ಶೇ 4 ಏರುತ್ತದೆ. ಆಗ ಅವನಿಗೆ 3,240ರಷ್ಟು, ಅವಳಿಗೆ 1,620ರಷ್ಟು. ಒಂದೇ ದುಡಿಮೆ, ಒಂದೇ ಸಂಬಳ. ಅರ್ಜಿಯ ದಿನಾಂಕವೊಂದೇ ಬೇರೆ. ಅಷ್ಟರಿಂದಲೇ ವಿಧವೆಯ ಕೈಗೆ ಬರುವ ಹಣ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ.

ಬೇಗ ತೆಗೆದುಕೊಂಡವರನ್ನು ದಡ್ಡರೆನ್ನುವಂತಿಲ್ಲ. 50ರಿಂದ 58ರವರೆಗೆ ತಿಂಗಳಿಗೆ 2,100 ಎಂದರೂ ಎಂಟು ವರ್ಷದಲ್ಲಿ ಎರಡು ಲಕ್ಷ ರೂಪಾಯಿ ಕೈಸೇರುತ್ತದೆ. 58ರ ನಂತರ ತಿಂಗಳಿಗೆ 900ರಷ್ಟು ನಷ್ಟವೆಂದರೆ, ಬಂದ ಲಾಭವೆಲ್ಲ ಕರಗಲು ಅವನು ಎಪ್ಪತ್ತಾರು, ಎಪ್ಪತ್ತೇಳರವರೆಗೆ ಬದುಕಿರಬೇಕು. ಒಬ್ಬನ ಲೆಕ್ಕದಲ್ಲಿ ಇದು ನಷ್ಟದ ವ್ಯವಹಾರವೇ ಅಲ್ಲ. ಇಬ್ಬರ ಲೆಕ್ಕ ಹಾಕಿದಾಗ ಚಿತ್ರ ಬದಲಾಗುತ್ತದೆ. ಆ ಎರಡು ಲಕ್ಷ ಬರುವುದು ಇಬ್ಬರಿಗೂ ರಟ್ಟೆಯಲ್ಲಿ ಕಸುವಿರುವ ಕಾಲದಲ್ಲಿ; ವಾಚ್‌ಮನ್ ಕೆಲಸವೋ, ಅಂಗಡಿಯೋ, ಆಟೋವೋ ಏನಾದರೊಂದು ಜೊತೆಗಿರುತ್ತದೆ. ಕಡಿತದ ಪೂರ್ತಿ ಭಾರ ಬೀಳುವುದು ಎಪ್ಪತ್ತು ದಾಟಿ ಒಬ್ಬಳೇ ಉಳಿದವಳ ಮೇಲೆ. ಅಷ್ಟು ಹೊತ್ತಿಗೆ ಆ ಎರಡು ಲಕ್ಷ ಮಗಳ ಮದುವೆಗೋ ಮನೆ ರಿಪೇರಿಗೋ ಹೋಗಿ ಮುಗಿದಿರುತ್ತದೆ.

ಒಬ್ಬಳೇ ಉಳಿಯುವುದು ಅಪರೂಪದ ಮಾತೂ ಅಲ್ಲ. ನಮ್ಮಲ್ಲಿ ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಕೆಲವು ವರ್ಷ ಚಿಕ್ಕವಳು, ಹೆಂಗಸರ ಸರಾಸರಿ ಆಯಸ್ಸೂ ಹೆಚ್ಚು. 2011ರ ಜನಗಣತಿಯಲ್ಲಿ ದೇಶದ ವಿಧವೆಯರು ನಾಲ್ಕು ಕೋಟಿಗೂ ಹೆಚ್ಚು, ವಿಧುರರು ಒಂದೂಕಾಲು ಕೋಟಿಯ ಆಸುಪಾಸು. ಮೇಲಾಗಿ ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಹನ್ನೆರಡು ವರ್ಷದಲ್ಲಿ ಹಣದ ಬೆಲೆ ಅರ್ಧ. ಇಂದಿನ 1,100 ರೂಪಾಯಿ ಆಗ ಇವತ್ತಿನ 550ರಷ್ಟು ಸಾಮಾನು ತರುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಕನಿಷ್ಠ ವಿಧವಾ ಪಿಂಚಣಿ 1,000 ರೂಪಾಯಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ಅದರ ಎರಡರಷ್ಟು. ಗಂಡನ ಇಡೀ ದುಡಿಮೆಯ ಫಲ ಒಂದು ಸರ್ಕಾರಿ ಯೋಜನೆಯ ಅರ್ಧದಷ್ಟಕ್ಕೆ ಬಂದು ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೆಂಡತಿಯ ಸ್ವಂತ ಪಿ.ಎಫ್. ಇದ್ದರೆ ಅವಳಿಗೊಂದು ಆಸರೆ. ಬೀಡಿ ಕಟ್ಟುವವರಿಗೂ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೂ ಈ ಕಾನೂನು ಅನ್ವಯ. ಆದರೆ ಹತ್ತು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, 10ಸಿ ನಮೂನೆಯಲ್ಲಿ ಪಿಂಚಣಿ ಹಣವನ್ನೂ ಬಿಡಿಸಿಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಮತ್ತೆ ಕೆಲಸಕ್ಕೆ ಸೇರಿದಾಗ ಸೊನ್ನೆಯಿಂದ ಎಣಿಕೆ. ಅದೇ ನಮೂನೆಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಿದರೆ ಸೇವೆ ಉಳಿಯುತ್ತದೆ, ಎರಡು ಕೆಲಸಗಳ ಅವಧಿ ಸೇರಿ ಹತ್ತಾಗಬಹುದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿ.ಎಫ್. ಬಿಡಿಸಿಕೊಳ್ಳುವ ಹಕ್ಕಿಗಾಗಿ ಬೀದಿಗಿಳಿದರು, ಅದಕ್ಕೆ ತಡೆಯೊಡ್ಡಿದ್ದ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಅವರ ಸಿಟ್ಟು ನ್ಯಾಯವಾದದ್ದೇ, ಅದು ಅವರ ಹಣ. ಆದರೆ ಭವಿಷ್ಯನಿಧಿಯ ಹಣ ಬೇರೆ, ಪಿಂಚಣಿಯ ಸೇವೆ ಬೇರೆ. ಮೊದಲನೆಯದನ್ನು ತೆಗೆದುಕೊಂಡೂ ಎರಡನೆಯದನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಯಾರಾದರೂ ಅವರಿಗೆ ಕೂರಿಸಿಕೊಂಡು ಹೇಳಬೇಕು.

ಅಮೆರಿಕದಲ್ಲಿರುವ ನಮ್ಮವರಿಗೂ ಇಂಥದೇ ಲೆಕ್ಕವಿದೆ. ಅಲ್ಲಿನ ಸೋಶಿಯಲ್ ಸೆಕ್ಯುರಿಟಿಯನ್ನು 62ಕ್ಕೇ ಪಡೆಯಲು ಶುರುಮಾಡಿದರೆ ಕಡಿತ, 70ರವರೆಗೆ ತಡೆದರೆ ಏರಿಕೆ. ಗಂಡ ಆರಿಸಿಕೊಂಡ ವಯಸ್ಸು ವಿಧವೆಯ ಮೊತ್ತಕ್ಕೂ ತಟ್ಟುತ್ತದೆ. ಅಲ್ಲಿಂದ ನಾವು ಕಲಿಯಬೇಕಾದದ್ದು ಬೇರೊಂದಿದೆ. ಅಲ್ಲಿನ ಖಾಸಗಿ ಕಂಪನಿಗಳ ಪಿಂಚಣಿಯಲ್ಲಿ ಹೆಂಡತಿಗೆ ಉಳಿಯಬೇಕಾದ ಪಾಲನ್ನು ಅವಳ ಲಿಖಿತ ಒಪ್ಪಿಗೆಯಿಲ್ಲದೆ ಗಂಡ ಬಿಟ್ಟುಕೊಡುವಂತಿಲ್ಲ ಎಂದು 1984ರಲ್ಲೇ ಕಾನೂನು ಬಂತು. ಪಿಂಚಣಿ ಕೇಳುವ ನಮ್ಮ 10ಡಿ ಅರ್ಜಿಗೆ ಗಂಡ ಹೆಂಡತಿಯ ಜೋಡಿ ಫೋಟೊ ಬೇಕು, ಅವಳ ಒಪ್ಪಿಗೆ ಬೇಕಿಲ್ಲ.

ಈಗಾಗಲೇ ಬೇಗ ಪಡೆದವರ ಕಡಿತ ತಿರುಗಿ ಬರುವುದಿಲ್ಲ. ಇನ್ನೂ ಅರ್ಜಿ ಹಾಕದವರು ಒಂದು ವಿಷಯ ಗಮನಿಸಬೇಕು: ಅರ್ಧದ ನಿಯಮ ಪಿಂಚಣಿ ಶುರುವಾದ ಮೇಲಿನ ಸಾವಿಗೆ ಮಾತ್ರ. ಅರ್ಹತೆಯ ಸೇವೆ ಮುಗಿಸಿ, ಕೆಲಸ ಬಿಟ್ಟು, 58ರೊಳಗೆ ಪಿಂಚಣಿ ಶುರುವಾಗುವ ಮೊದಲೇ ಸದಸ್ಯ ತೀರಿಕೊಂಡರೂ ಹೆಂಡತಿಗೆ ಪಿಂಚಣಿ ಉಂಟು. ‘ನಾಳೆ ನಾನಿಲ್ಲದಿದ್ದರೆ ಹಣ ಮುಳುಗುತ್ತದೆ’ ಎಂಬ ಭಯದಿಂದ ಐವತ್ತಕ್ಕೇ ಅರ್ಜಿ ಹಾಕಬೇಕಿಲ್ಲ. ಭವಿಷ್ಯನಿಧಿ ಕಚೇರಿ ಮಾಡಬೇಕಾದದ್ದೂ ದೊಡ್ಡದೇನಲ್ಲ. 58ಕ್ಕೆ ಮೊದಲು ಬಂದ ಪ್ರತಿ ಅರ್ಜಿಯ ಜೊತೆ ಒಂದು ಹಾಳೆ ಕೊಡಲಿ: ಇವತ್ತು ತೆಗೆದುಕೊಂಡರೆ ನಿಮಗೆಷ್ಟು, ಮುಂದೆ ನಿಮ್ಮ ಹೆಂಡತಿಗೆಷ್ಟು, ಕಾದರೆ ಇಬ್ಬರಿಗೂ ಎಷ್ಟು. ಕನ್ನಡದಲ್ಲಿ ಬರೆದ ಆ ಹಾಳೆಗೆ ಇಬ್ಬರ ಸಹಿಯೂ ಬೀಳಲಿ.