ಹಳೆಯ ಅಂಗಿ, ಹೊಸ ನೂಲು

ಬಯಾನ್ ಲೆಪಾಸ್‌ನ ಕೈಗಾರಿಕಾ ವಲಯದಲ್ಲಿ ಹೊರದೇಶದ ಕಂಪನಿಗಳು ಬಹಳ. ಅಲ್ಲಿನವರ ಉಡುಪೂ ನಾನಾ ಬಗೆ. ಈಚೆಗೆ ಸಹೋದ್ಯೋಗಿಯೊಬ್ಬರು ಕೆಂಪು ಅಕ್ಷರಗಳಲ್ಲಿ 'ಮೊನಾರ್ಕ್ಸ್' ಎಂದು ಬರೆದ ಅಂಗಿ ತೊಟ್ಟು ಬಂದಿದ್ದರು. ಬೇಸ್‌ಬಾಲ್ ನಮಗೆ ಅಪರಿಚಿತ ಆಟ. ಆದರೂ ಈ ಅಂಗಿಯ ಕಥೆ ನಮ್ಮ ಓದುಗರಿಗೆ ರುಚಿಸೀತೆಂದು ಬರೆಯುತ್ತಿದ್ದೇನೆ.

ಅಮೆರಿಕದ ದೊಡ್ಡ ಲೀಗುಗಳು ಕರಿಯ ಆಟಗಾರರನ್ನು ದಶಕಗಳ ಕಾಲ ಹತ್ತಿರ ಸೇರಿಸಲಿಲ್ಲ. ಅವರು 1920ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ತಮ್ಮದೇ ಲೀಗ್ ಕಟ್ಟಿದರು. ಆ ಊರಿನ ಮೊನಾರ್ಕ್ಸ್ ತಂಡದಲ್ಲಿ 1945ರಲ್ಲಿ ಆಡಿದ ಜ್ಯಾಕಿ ರಾಬಿನ್‌ಸನ್, 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಸೇರಿ ಆ ಬೇಲಿ ಮುರಿದರು. ಈಗ ಅದೇ ಊರಿನ ರಾಯಲ್ಸ್ ತಂಡ ಕೆಲವು ಪಂದ್ಯಗಳಲ್ಲಿ ಮೊನಾರ್ಕ್ಸ್ ಅಂಗಿ ತೊಟ್ಟು ಆಡುತ್ತದೆ. ನಮ್ಮ ಬೆಂಗಳೂರು ತಂಡ 2011ರಿಂದ ಹಸಿರು ಅಂಗಿ ತೊಡುವುದನ್ನು ಬಲ್ಲವರಿಗೆ ಈ ಪದ್ಧತಿ ಹೊಸದೇನಲ್ಲ. 2024ರಲ್ಲಂತೂ ಆ ಹಳೆಯ ಲೀಗುಗಳ ಲೆಕ್ಕಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಜಾಶ್ ಗಿಬ್ಸನ್ ಎಂಬಾತನ ಹೆಸರು ಬ್ಯಾಟಿಂಗ್ ಪಟ್ಟಿಯ ತುದಿಗೇರಿತು. ಗಿಬ್ಸನ್ ತೀರಿಕೊಂಡದ್ದು 1947ರಲ್ಲಿ!

ರಸಾಯನಶಾಸ್ತ್ರದವನ ಚಾಳಿ, ಒಂದು ಮಾತು ಹೇಳಿಬಿಡುತ್ತೇನೆ. ಅಂದಿನ ಅಂಗಿ ಉಣ್ಣೆಯದು. ಬೆವರು ಕುಡಿದು ಭಾರವಾಗುತ್ತಿತ್ತು. ಉಣ್ಣೆ ಪ್ರೋಟೀನು, ಆಮ್ಲ ಬಣ್ಣಗಳನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಇಂದಿನ ಪಾಲಿಯೆಸ್ಟರ್ ಹಾಗಲ್ಲ. ಸುಮಾರು 200 ಡಿಗ್ರಿ ಶಾಖ ಕೊಟ್ಟು, ಬಣ್ಣವನ್ನು ಆವಿ ಮಾಡಿ ಎಳೆಯೊಳಗೆ ನುಗ್ಗಿಸಬೇಕು. ಅಂದಿನ ಛಾಯಾಚಿತ್ರಗಳೋ ಕಪ್ಪು-ಬಿಳುಪು. ಆದ್ದರಿಂದ ಆ ಹಳೆಯ ಕೆಂಪು ಇದೇ ಕೆಂಪೆಂದು ಆಣೆ ಮಾಡುವುದು ಕಷ್ಟ.

ನಮ್ಮಲ್ಲಿ ಇಂಥ ಅಂಗಿ ಯಾರಿಗೆ ಸಲ್ಲಬೇಕು? ನನಗೆ ತೋಚುವ ಹೆಸರು ಪಾಲ್ವಣಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಮನೆತನ ಕೊಂಕಣದ್ದು, ಚಮ್ಮಾರ ಜಾತಿ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನದ ಆಳಾಗಿ, ಸಾಹೇಬರಿಗೆ ಗಂಟೆಗಟ್ಟಲೆ ಚೆಂಡೆಸೆಯುತ್ತಲೇ ದೊಡ್ಡ ಸ್ಪಿನ್ ಬೌಲರಾದವರು. ಪುಣೆಯ ಹಿಂದೂ ತಂಡಕ್ಕೆ ಅವರ ಎಡಗೈ ಬೇಕಾಗಿತ್ತು, ಪಂಕ್ತಿ ಬೇಡವಾಗಿತ್ತು. ಚಹಾ ಹೊತ್ತಿಗೆ ಜೊತೆಯವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗೆ, ಮಣ್ಣಿನ ಬಟ್ಟಲಿನಲ್ಲಿ.

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಮುಂದೆ ನಿಂತು ವಿಕೆಟ್ ಕಿತ್ತವರು ಅವರೇ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್. ಆದರೂ ನಾಯಕತ್ವ ಅವರಿಗೆ ದಕ್ಕಲಿಲ್ಲ; 1923ರಲ್ಲಿ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದರು. 1937ರ ಚುನಾವಣೆಯಲ್ಲಿ ಬಾಳೂ ಅಂಬೇಡ್ಕರರ ಎದುರೇ ನಿಂತು ಸೋತದ್ದು ಬೇರೊಂದು ದೊಡ್ಡ ಕಥೆ.

ಮೊನಾರ್ಕ್ಸರಿಗೂ ಇವರಿಗೂ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅವರಿಗೆ ತಮ್ಮದೇ ತಂಡ, ತಮ್ಮದೇ ಅಂಗಿ ಇತ್ತು. ಬಾಳೂ ತೊಟ್ಟದ್ದು, ತಮ್ಮನ್ನು ಹೊರಗೆ ಕೂರಿಸಿದವರ ಜೊತೆಗಿನ ಅದೇ ಬಿಳಿ ಅಂಗಿ. ಬೆನ್ನ ಮೇಲೆ ಹೆಸರಿಲ್ಲ, ಸಂಖ್ಯೆಯೂ ಇಲ್ಲ.

ರಾಜ್ಯೋತ್ಸವದ ಆಟದ ದಿನ ನಮ್ಮ ಮಕ್ಕಳ ಕ್ರಿಕೆಟ್ ತಂಡಕ್ಕೆ ಹತ್ತಿಯ ಬಿಳಿ ಅಂಗಿ ಹೊಲಿಸಿ, ಎದೆಯ ಮೇಲೆ ಒಂದು ಮಣ್ಣಿನ ಬಟ್ಟಲಿನ ಚಿತ್ರ ಹಾಕಿಸೋಣವೆಂದು ನನ್ನ ಸಲಹೆ. ಅದೇನೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ನಾವೇ ಹೇಳಬೇಕಾಗುತ್ತದೆ. ಇದು ಬೇಡವೆನ್ನುವವರೂ ಇರಬಹುದು. ಒಪ್ಪುವವರು, ಒಪ್ಪದವರು ಇಬ್ಬರೂ ಮುಂದಿನ ಸಂಚಿಕೆಗೆ ದಯವಿಟ್ಟು ಬರೆಯಿರಿ.