ಹೆಚ್ಚು ಬಂದ ಹಣ, ಬರಬೇಕಾದ ಹಣ

ಇತವಾರಿಯ ಪೇಟೆಯಲ್ಲಿ ಜಮೆಯನ್ನು ಬಿಟ್ಟು ಖರ್ಚನ್ನು ಮಾತ್ರ ಓದಿ ಬಾಕಿ ಕೇಳುವ ವ್ಯಾಪಾರಿಯನ್ನು ಯಾರೂ ನಂಬರು. ಆದರೆ ದುಡಿಯುವವನ ಸಂಬಳದ ಲೆಕ್ಕದಲ್ಲಿ ಇದೇ ನಡೆಯುವುದುಂಟು. “ನಿನಗೆ ಹೆಚ್ಚು ಸಂದಿದೆ, ಹಿಡಿದುಕೊಳ್ಳುತ್ತೇವೆ” ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮಾಣಿಯೂ ಗುಮಾಸ್ತನೂ ತಲೆ ತಗ್ಗಿಸಿ ರುಜು ಹಾಕುತ್ತಾರೆ. ತಮಗೆ ಬರಬೇಕಾದುದೇನೆಂದು ಕೇಳುವುದಿಲ್ಲ.

ಮೊದಲು ಸರಕಾರಿ ಗುಮಾಸ್ತರ ವಿಷಯ. ಹೆಚ್ಚಾಗಿ ಸಂದ ಸಂಬಳವು ತೆರಿಗೆದಾರರ ಹಣ, ಅದನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಚಂಡಿಪ್ರಸಾದ್ ಉನಿಯಾಲ್ ಮೊಕದ್ದಮೆಯಲ್ಲಿ ಹೇಳಿತು. ಆದರೆ 2014ರ ಡಿಸೆಂಬರ್ 18ರಂದು ರಫೀಕ್ ಮಸೀಹ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಈ ಅಧಿಕಾರಕ್ಕೆ ಮೇರೆ ಹಾಕಿತು. ಕಚೇರಿಯದೇ ತಪ್ಪಿನಿಂದ ಹಣ ಹೆಚ್ಚು ಬಂದಿದ್ದರೆ, ತೃತೀಯ ಮತ್ತು ಚತುರ್ಥ ದರ್ಜೆಯ ನೌಕರರಿಂದ ಅದನ್ನು ವಸೂಲು ಮಾಡಲಾಗದು. ನಿವೃತ್ತರಾದವರಿಂದಲೂ, ಒಂದು ವರ್ಷದೊಳಗೆ ನಿವೃತ್ತರಾಗಲಿರುವವರಿಂದಲೂ ವಸೂಲು ಕೂಡದು. ಐದು ವರ್ಷಗಳಿಗೂ ಹೆಚ್ಚು ಕಾಲ ಹಾಗೆ ಸಂದಿದ್ದರೂ ಇದೇ ನಿಯಮ. ಕೇಂದ್ರ ಸರಕಾರವು 2016ರ ಮಾರ್ಚ್ 2ರಂದು ತನ್ನ ಇಲಾಖೆಗಳಿಗೆ ಈ ತೀರ್ಪನ್ನು ತಿಳಿಸಿತು.

ಆದರೂ ಒಂದು ಎಚ್ಚರಿಕೆ ಅಗತ್ಯ. ಅದೇ 2016ರಲ್ಲಿ ಜಗದೇವ್ ಸಿಂಗ್ ಮೊಕದ್ದಮೆಯಲ್ಲಿ, ಹೆಚ್ಚು ಬಂದರೆ ಹಿಂದಿರುಗಿಸುತ್ತೇನೆಂದು ಮುಂಚೆಯೇ ಒಪ್ಪಿಗೆ ಬರೆದುಕೊಟ್ಟಿದ್ದ ನಿವೃತ್ತ ನ್ಯಾಯಾಧಿಕಾರಿಗೆ ಈ ರಕ್ಷಣೆ ದೊರೆಯಲಿಲ್ಲ. ಆದುದರಿಂದ ರುಜು ಹಾಕುವ ಮುನ್ನ ಕಾಗದವನ್ನು ಓದಬೇಕು.

ಇನ್ನು ಹೋಟೆಲಿನವರು. ಮೇಲಿನ ತೀರ್ಪುಗಳು ಸರಕಾರಿ ನೌಕರರವು. ಖಾಸಗಿ ದುಡಿಮೆಗಾರನಿಗೆ 1936ರ ವೇತನ ಪಾವತಿ ಕಾಯಿದೆ ಬಹುಕಾಲ ಆಧಾರವಾಗಿತ್ತು. 2025ರ ನವೆಂಬರ್ 21ರಿಂದ ಆ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದಿದೆ. ಕೊಟ್ಟ ಮುಂಗಡವನ್ನೂ ಹೆಚ್ಚು ಸಂದ ಸಂಬಳವನ್ನೂ ಹಿಡಿದುಕೊಳ್ಳಲು ಅದು ಧಣಿಗೆ ಅನುಮತಿ ಕೊಡುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಾಗಿ ಹೇಳುತ್ತೇನೆ, ಇದು ನ್ಯಾಯವೇ ಸರಿ. ಊರಿನ ಮದುವೆಗೆಂದು ಪಡೆದ ಮುಂಗಡ ಸಾಲವೇ ಹೊರತು ದಾನವಲ್ಲ. ಆದರೆ ಒಂದು ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಕೂಡದು. 12,000 ರೂಪಾಯಿಯ ಸಂಬಳದಲ್ಲಿ ಕಡಿತ 6,000ವನ್ನು ದಾಟುವಂತಿಲ್ಲ.

ಅದೇ ಸಂಹಿತೆಯು ಇನ್ನೊಂದು ಮಗ್ಗುಲನ್ನೂ ಹೇಳುತ್ತದೆ. ಗೊತ್ತಾದ ಹೊತ್ತು ಮೀರಿದ ದುಡಿಮೆಗೆ ಕನಿಷ್ಠ ಎರಡರಷ್ಟು ದರದ ಕೂಲಿ ಸಲ್ಲಬೇಕು. ಕೆಲಸ ಬಿಟ್ಟವನಿಗೂ ಬಿಡಿಸಲ್ಪಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಸಲ್ಲಬೇಕು.

ಆದುದರಿಂದ ವಜಾ ಹಾಕುವುದಾದರೆ ಎರಡು ಮಗ್ಗುಲನ್ನೂ ಬರೆದು ಹಾಕಲಿ. ಒಬ್ಬ ಮಾಣಿಗೆ ಮೂರು ತಿಂಗಳಲ್ಲಿ 4,000 ರೂಪಾಯಿ ಹೆಚ್ಚು ಸಂದಿದೆಯೆನ್ನೋಣ. ಹಬ್ಬದ ದಿನಗಳ ಹೆಚ್ಚಿನ ಹೊತ್ತಿನ ಕೂಲಿ 2,600 ರೂಪಾಯಿ ಅವನಿಗೆ ಸಲ್ಲದೆ ಉಳಿದಿದೆಯೆನ್ನೋಣ. ಆಗ ಅವನು ಕೊಡಬೇಕಾದುದು 1,400 ಮಾತ್ರ. ಮೊದಲ ಮಗ್ಗುಲನ್ನಷ್ಟೇ ಓದಿದರೆ 4,000ವೂ ಹೋಗುತ್ತದೆ. ಆ 2,600 ರೂಪಾಯಿ ಊರಿನಲ್ಲಿ ಕಾಯುತ್ತಿರುವ ತಾಯಿಯ ಔಷಧಿಯದು, ಮಗುವಿನ ಶಾಲೆಯ ಫೀಸಿನದು.

ಲೆಕ್ಕ ಕೊಡದಿದ್ದರೆ ಮಾಡುವುದೇನು? ಮೂರು ವರ್ಷಗಳೊಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಹಾಕಬಹುದು. ಬಾಕಿ ಸಲ್ಲಿಸಿದ್ದೇನೆಂದು ರುಜುವಾತು ಮಾಡುವ ಹೊಣೆ ಅಲ್ಲಿ ಧಣಿಯದು, ಕೆಲಸಗಾರನದಲ್ಲ. ಆದರೂ ದಿನದ ಹೊತ್ತನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವವನ ಮಾತಿಗೆ ಬಲ ಹೆಚ್ಚು. ಓದುಬರಹ ಬಾರದ ಗೆಳೆಯನಿಗೆ ಪಕ್ಕದ ಗುಮಾಸ್ತ ಬರೆದುಕೊಡಲಿ.

ಧಣಿಗಳಿಗೂ ಒಂದು ಮಾತು. ಎರಡು ಮಗ್ಗುಲಿನ ಲೆಕ್ಕ ತೋರಿಸಿದ ಹೋಟೆಲಿನಲ್ಲಿ ಜಗಳ ಕಡಿಮೆ, ಹಳೆಯ ಕೈಗಳು ಉಳಿಯುವುದು ಹೆಚ್ಚು.